ಕಾಲರಿನ ಒಳಗಿನ ಗುರುತು

ಸರ್ಕಾರ ಬಿದ್ದರೆ ಬಟ್ಟೆ ಕೊಳೆಯಾಗುವುದೇನು ನಿಲ್ಲುತ್ತದೆಯೇ ಎಂಬುದು ಲಾಂಡ್ರಿಯಮ್ಮನ ವಾದ. ಹಳಬರು ಗಂಟುಮೂಟೆ ಕಟ್ಟಿದ್ದರು, ಹೊಸಬರು ಯಾರೆಂದು ಇನ್ನೂ ತೀರ್ಮಾನವಾಗಿರಲಿಲ್ಲ, ಪೊಲೀಸರು ಠಾಣೆಯ ಬಾಗಿಲೆಳೆದುಕೊಂಡು ಒಳಗೆ ಕೂತಿದ್ದರು. ಅವಳು ಮಾತ್ರ ಎಂದಿನಂತೆ ಅಂಗಡಿ ತೆರೆದು ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಿದ್ದಳು. ಆ ಬೀದಿಯಲ್ಲಿ ಅವಳ ಮತದವರ ಮನೆಗಳು ಬೆರಳೆಣಿಕೆಯಷ್ಟು. ಗಿರಾಕಿಗಳೆಲ್ಲ ಬೇರೆ ಮತದವರೇ. ಅತ್ತೆ ಅಂಗಡಿ ನಡೆಸುತ್ತಿದ್ದ ಕಾಲದಿಂದಲೂ ಹಾಗೆಯೇ, ಅದಕ್ಕಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅವತ್ತು ಬೆಳಿಗ್ಗೆ ಎಲ್ಲರ ಮೊಬೈಲಿಗೂ ಒಂದು ಫೋಟೋ ಬಂತು. ಅಂಗಿಯ ಕಾಲರಿನ ಒಳಗೆ ಕಪ್ಪು ಮಸಿಯ ತ್ರಿಕೋನ, ಪಕ್ಕದಲ್ಲಿ ಚುಕ್ಕೆ. ಲಾಂಡ್ರಿಯವರು ಸುಡಬೇಕಾದ ಮನೆಗಳನ್ನು ಹೀಗೆ ಗುರುತು ಮಾಡುತ್ತಿದ್ದಾರೆ, ಅವರ ಮತದವರ ಬಟ್ಟೆಗೆ ಗುರುತೇ ಇಲ್ಲ, ಬೇಕಾದರೆ ಹೋಗಿ ನೋಡಿ ಎಂದು ಕೆಳಗೆ ಬರೆದಿತ್ತು.

ಗುರುತು ಹಾಕಿದವಳು ಅವಳೇ. ಮನೆಗೊಂದು ಗುರುತಿಲ್ಲದಿದ್ದರೆ ಒಂದೇ ತೊಟ್ಟಿಯಲ್ಲಿ ಬಿದ್ದ ಬಿಳಿ ಅಂಗಿಗಳಲ್ಲಿ ಯಾವುದು ಯಾರದೆಂದು ಹೊಲಿದ ದರ್ಜಿಗೂ ತಿಳಿಯದು. ಅವಳ ಮತದವರ ಬಟ್ಟೆಗೆ ಗುರುತಿಲ್ಲವೆಂಬುದೂ ನಿಜವೇ. ಆ ಬಡಪಾಯಿಗಳು ಮನೆಯಲ್ಲೇ ಒಗೆದುಕೊಳ್ಳುತ್ತಿದ್ದರು. ಇನ್ನು ತನ್ನ ಸ್ವಂತ ಸೀರೆಗೆ ಗುರುತು ಹಾಕಿಕೊಳ್ಳುವ ಲಾಂಡ್ರಿಯವಳು ಎಲ್ಲಿದ್ದಾಳೆ? ಸುಳ್ಳಿಗೆ ಇಷ್ಟು ನಿಜ ಸಿಕ್ಕಿದರೆ ಸಾಕು, ಕೈಕಾಲು ಬಂದುಬಿಡುತ್ತದೆ.

ಮಧ್ಯಾಹ್ನದೊಳಗೆ ಅರ್ಧ ಬೀದಿ ಬಂದು ಒಗೆಯದ ಬಟ್ಟೆಯನ್ನೇ ವಾಪಸು ಒಯ್ದಿತು. ಯಾರೂ ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. ಅವಳಿಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅಷ್ಟರಲ್ಲಿ ಇನ್ನೊಂದು ಸಂದೇಶ ಬಂತು: ಸಂಜೆ ಅಂಗಡಿಗೆ ಬೆಂಕಿ.

ಗಂಡ ಆಗಲೇ ಗಂಟು ಕಟ್ಟತೊಡಗಿದ್ದ. "ತಂಗಿ ಊರಿಗೆ ಹೋಗೋಣ ನಡಿ. ಜೀವ ಇದ್ರೆ ಅಂಗಡಿ ಎಲ್ಲಾದ್ರೂ ಹಾಕ್ಬಹುದು."

"ಉಳಿದವರ ಬಟ್ಟೆ ಬಿಟ್ಟು ಓಡಿಹೋದ್ರೆ ಅವರು ಹೇಳಿದ್ದೇ ನಿಜ ಆಗುತ್ತಲ್ಲ," ಎಂದಳು. ಹೇಳುವಷ್ಟರಲ್ಲಿ ಇಸ್ತ್ರಿ ಮಾಡುತ್ತಿದ್ದ ದಿಂಬಿನ ಚೀಲ ಸೀದು ಹೋಯಿತು.

ಆಗ ಬಂದವನು ಬಸ್ಸಣ್ಣ. ಬಸ್ಸಿನ ಕಂಡಕ್ಟರು, ಗಂಜಿ ಹೆಚ್ಚಾಯಿತು, ಮಡಿಕೆ ಸೊಟ್ಟಗಾಯಿತು ಎಂದು ಪ್ರತಿ ಸಲವೂ ತಗಾದೆ ತೆಗೆಯುವ ಆಸಾಮಿ. ಹೆಗಲ ಮೇಲೊಂದು ಹಳೇ ಕಂಬಳಿ. ಅವನು ಅದರ ಮೂಲೆಯನ್ನು ಮೇಜಿನ ಮೇಲೆ ಹರಡಿದ. ಮಾಸಿಹೋದ ತ್ರಿಕೋನ, ಪಕ್ಕದಲ್ಲಿ ಚುಕ್ಕೆ.

"ಇದು ನಮ್ಮಮ್ಮನ ಕಂಬಳಿ. ಅಮ್ಮ ಹೋಗಿ ಎಷ್ಟು ಕಾಲ ಆಯ್ತು, ಆಗಿನಿಂದ್ಲೂ ನಮ್ಮನೆಗೆ ಇದೇ ಗುರುತು," ಎಂದ. "ಫೋಟೋ ನೋಡಿದ ತಕ್ಷಣ ಡಿಪೋದವರಿಗೆಲ್ಲ ಕಳಿಸಿಬಿಟ್ಟೆ. ಆಮೇಲೆ ಬೀರು ತೆಗೆದ್ರೆ ಇದು ಸಿಕ್ತು. ತಪ್ಪಾಯ್ತಮ್ಮ."

ಅವಳು ಕುರ್ಚಿ ಸರಿಸಿಕೊಟ್ಟಳು. ಬಸ್ಸಣ್ಣ ಕೂತವನೇ ಫೋನು ಹಿಡಿದ. ತಾನು ಯಾರಿಗೆ ಕಳಿಸಿದ್ದನೋ ಅವರಿಗೆಲ್ಲ ಒಬ್ಬೊಬ್ಬರಿಗೇ ಕರೆ ಮಾಡಿ, ನಿಮ್ಮ ಮನೆಯಲ್ಲಿ ಲಾಂಡ್ರಿ ಗುರುತಿರುವ ಹಳೇ ಹೊದಿಕೆ ಹುಡುಕಿ, ಸಿಕ್ಕಿದ್ದನ್ನು ಹಿಡಿದುಕೊಂಡು ಬನ್ನಿ ಎಂದ. ಟಿಕೆಟ್ಟು ಕೇಳುವ ಗಂಟಲು, ಬೀದಿಗೆಲ್ಲ ಕೇಳಿಸಿತು.

ಬಂದರು. ಮೊದಲು ಡಿಪೋದವರು, ಆಮೇಲೆ ಬೆಳಿಗ್ಗೆ ಮುಖ ತಿರುಗಿಸಿ ಹೋದವರಲ್ಲಿ ಹಲವರು. ಎಲ್ಲರೂ ಬಂದರೆಂದು ಹೇಳಿದರೆ ಸುಳ್ಳಾದೀತು. ಬಂದವರು ಹಾಸಿಗೆಬಟ್ಟೆ, ಮೇಜಿನಬಟ್ಟೆ, ಒಬ್ಬಳಂತೂ ಹರಿದ ಪರದೆ ಹಿಡಿದು ಅಂಗಡಿಯ ಮುಂದೆ ನಿಂತರು.

ಸಂಜೆ ಹುಡುಗರ ಗುಂಪು ಬಂತು. ಮುಂದಿದ್ದವನ ಕೈಯಲ್ಲಿ ಸೀಮೆಎಣ್ಣೆಯ ಡಬ್ಬ. ಬಾಗಿಲಿಗೆ ಅಡ್ಡ ನಿಂತಿದ್ದವಳು ಅವನ ಸೋದರತ್ತೆಯೇ. ಆಕೆ ಒಂದು ಪುಟ್ಟ ಹೊದಿಕೆಯನ್ನು ಅವನ ಮುಖಕ್ಕೆ ಹಿಡಿದಳು.

"ನೀನು ಕೂಸಾಗಿದ್ದಾಗ ಹೊದ್ದಿದ್ದು ಇದು. ಗುರುತು ನೋಡು. ನೀನು ಇದ್ರಲ್ಲಿ ಮಾಡಿದ್ದನ್ನೆಲ್ಲ ಒಗೆದು ಕೊಟ್ಟವಳು ಇವಳ ಅತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಬ್ಬಿತು. ಹುಡುಗನ ಕಿವಿ ಕೆಂಪಾಯಿತು. ಬಸ್ಸಣ್ಣ ಅವನ ಕೈಯಿಂದ ಡಬ್ಬ ತೆಗೆದುಕೊಂಡ. ಹುಡುಗ ಕೊಟ್ಟ. ಗುಂಪು ಬಂದ ದಾರಿ ಹಿಡಿಯಿತು.

ಲಾಂಡ್ರಿಯಮ್ಮನಿಗೆ ಕಣ್ಣು ತುಂಬಿ ಬಂತು. ಇವರ ಋಣವನ್ನು ಯಾವ ಜನ್ಮದಲ್ಲಿ ತೀರಿಸಲಿ ಎಂದುಕೊಂಡಳು. ಯಾರೂ ಮನೆಗೆ ಹೋಗುವ ಲಕ್ಷಣವಿರಲಿಲ್ಲ. ಮತ್ತೆ ಯಾರಾದರೂ ಬಂದರೆ ಎಂದು ಮೆಟ್ಟಿಲ ಮೇಲೆ, ಬೆಂಚಿನ ಮೇಲೆ, ಬಟ್ಟೆಗಂಟುಗಳ ಮೇಲೆ ಜಾಗ ಮಾಡಿಕೊಂಡು ಕೂತಿದ್ದರು. ಗಂಡ ಎಲ್ಲರಿಗೂ ಚಹಾ ಕೊಡುತ್ತಿದ್ದ.

ಅಷ್ಟರಲ್ಲಿ ನಾದಿನಿಯ ಫೋನು. ಸುದ್ದಿ ಅಲ್ಲಿಗೂ ಮುಟ್ಟಿತ್ತು, ಅಳುತ್ತಿದ್ದಳು. "ಅತ್ತಿಗೆ, ನಮ್ಮವರು ಯಾರಾದ್ರೂ ಜೊತೆಗಿದ್ದಾರಾ?"

ಲಾಂಡ್ರಿಯಮ್ಮ ಒಮ್ಮೆ ಸುತ್ತ ನೋಡಿದಳು.

"ಇದ್ದಾರೆ ಕಣೇ," ಎಂದಳು. "ಕೂರೋಕೆ ಜಾಗ ಇಲ್ಲ, ಅಷ್ಟು ಜನ ಇದ್ದಾರೆ."