ಗಂಗುಲಮ್ಮನ ಮನೆಯ ಎರಡು ಡಬ್ಬಗಳು

ಜಂಗಮಕೋಟೆಯ ಗಂಗುಲಮ್ಮ ರೇಷ್ಮೆ ಸಾಕುವ ಹುಳುಮನೆಗೆ ಕಾಲಿಡುವುದು ಸುಲಭವಲ್ಲ. ಕೈಕಾಲು ತೊಳೆಯಬೇಕು, ಬಾಗಿಲಲ್ಲಿ ಸುಣ್ಣದ ಪುಡಿ ತುಳಿಯಬೇಕು. ತಲೆಗೆ ಘಮಘಮ ಎಣ್ಣೆ ಹಚ್ಚಿದವರು, ಬಾಯಲ್ಲಿ ಹೊಗೆಸೊಪ್ಪು ಇಟ್ಟವರು ಅಂಗಳದಿಂದಲೇ ಮಾತಾಡಿ ಹೋಗಬೇಕು. ಬೀಡಿ ಸೇದಿ ಬಂದ ಸ್ವಂತ ತಮ್ಮನನ್ನೂ ಹೊರಗೆ ನಿಲ್ಲಿಸಿದ ಹೆಂಗಸು ಅವಳು. ಅಂಥವಳ ಮನೆಯಲ್ಲೇ ಹೀಗಾಗಬೇಕೇ!

ರೇಷ್ಮೆಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎರಡು ದಿನವಾಗಿತ್ತು. ಇನ್ನೈದು ದಿನ ಸೊಪ್ಪು ತಿಂದರೆ ಗೂಡು ಕಟ್ಟುತ್ತವೆ. ಆರು ಸ್ಟ್ಯಾಂಡ್ ತುಂಬ ಹುಳು. ಆಗಲೇ ಊಜಿ ನೊಣ ಕಾಣಿಸಿಕೊಂಡಿತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಆ ಹುಳುವಿನ ಕಥೆ ಮುಗಿಯಿತು. ಹರಿದ ಬಾಗಿಲುಪರದೆ ಹೊಲಿಯುತ್ತೇನೆಂದು ಗಂಡ ಮುನಿಗಂಗಪ್ಪ ಹದಿನೈದು ದಿನದಿಂದ ಹೇಳುತ್ತಲೇ ಇದ್ದ. ಹೊಲಿಯುವ ಬದಲು ಶಿಡ್ಲಘಟ್ಟದಿಂದ ನೊಣ ಕೊಲ್ಲುವ ಸ್ಪ್ರೇ ಡಬ್ಬ ತಂದ.

"ನಮ್ ಹುಳಕ್ಕೆ ಏನೂ ಆಗಲ್ವಾ?" ಎಂದಳು ಗಂಗುಲಮ್ಮ.

"ಹುಳುಮನೆ ಒಳಗೆ ಯಾರ್ ಹೊಡೀತಾರೆ? ಪಕ್ಕದ ಸೊಪ್ಪಿನ ಕೋಣೇಲಿ ಹೊಡೀತೀನಿ. ನಿಂಬೆಹಣ್ಣಿನ ವಾಸನೆ ಕಣೇ, ಮೂಸಿ ನೋಡು."

ಡಬ್ಬದ ಮೇಲಿನ ನಿಂಬೆಹಣ್ಣಿನ ಚಿತ್ರ ನೋಡಿ ಗಂಗುಲಮ್ಮ ಒಪ್ಪಿದಳು. ಮುನಿಗಂಗಪ್ಪ ಸೊಪ್ಪಿನ ಕೋಣೆಯಲ್ಲಿ ಅರ್ಧ ಡಬ್ಬ ಹೊಡೆದು, ಗುಣ ಚೆನ್ನಾಗಿ ಹಿಡಿಯಲಿ ಎಂದು ಬಾಗಿಲನ್ನೂ ಮುಚ್ಚಿದ.

ಮಧ್ಯಾಹ್ನ ಗಂಗುಲಮ್ಮ ಅದೇ ಕೋಣೆಯಿಂದ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ತಂದು ಮೊದಲ ಸ್ಟ್ಯಾಂಡಿಗೆ ಹಾಕಿದಳು. ಎರಡನೇ ಹೊರೆಗೆ ಹೋದಾಗ ಎದೆ ಬಿಗಿಯಿತು. ಉಸಿರು ಒಳಗೆ ಹೋಗದು, ಹೊರಗೆ ಬಾರದು. ಗೋಡೆ ಹಿಡಿದುಕೊಂಡು ಬಂದು ಜಗುಲಿಯ ಮೇಲೆ ಕುಸಿದಳು. ಮುನಿಗಂಗಪ್ಪ ಪಕ್ಕದ ಮನೆಗೆ ಓಡಿ ಮಿಸ್ಬಾಳನ್ನು ಕರೆತಂದ. ಮಿಸ್ಬಾ ಆಸ್ಪತ್ರೆಯ ನರ್ಸು, ಅಂದು ಅವಳಿಗೆ ರಜೆ.

"ಉಬ್ಬಸಕ್ಕೆ ಡಾಕ್ಟರ್ ಕೊಟ್ಟ ಪಂಪು ಎಲ್ಲಿ ಗಂಗುಲಮ್ಮಕ್ಕ?"

ಗಂಗುಲಮ್ಮ ಅಡುಗೆಮನೆಯತ್ತ ಕೈ ತೋರಿಸಿದಳು. "ಅಕ್ಕಿ... ಡ್ರಮ್ಮಲ್ಲಿ..."

ನಿಜ, ಅಕ್ಕಿಯೊಳಗೆ ಹೂತಿಟ್ಟಿದ್ದಳು. ಪಂಪು ಅಂದರೆ ಒಮ್ಮೆ ಹಿಡಿದರೆ ಬಿಡದ ಚಟ, ಕಂಡವರು ಆಡಿಕೊಳ್ಳುತ್ತಾರೆ ಎಂಬ ಭಯ. ಮಿಸ್ಬಾ ಪಂಪನ್ನು ಅಲ್ಲಾಡಿಸಿ, ಅದರ ಜೊತೆಗಿದ್ದ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಡಾಕ್ಟರು ಚೀಟಿಯಲ್ಲಿ ಬರೆದಷ್ಟೇ ಸಲ ಒತ್ತಿ, ನಿಧಾನವಾಗಿ ಉಸಿರೆಳೆಸಿದಳು. "ಕಮ್ಮಿ ಆಗ್ಲಿಲ್ಲ ಅಂದ್ರೆ ಈಗ್ಲೇ ಆಸ್ಪತ್ರೆಗೆ ಹೋಗಣ," ಎಂದಳು. ಸ್ವಲ್ಪ ಹೊತ್ತಿಗೆ ಗಂಗುಲಮ್ಮನ ಉಸಿರು ಹದಕ್ಕೆ ಬಂತು.

ಅವಳ ಬಾಯಿಂದ ಬಂದ ಮೊದಲ ಮಾತು, "ಐದು ಸ್ಟ್ಯಾಂಡಿಗೆ ಇನ್ನೂ ಸೊಪ್ಪು ಹಾಕಿಲ್ಲ ಕಣಮ್ಮ."

ಮಿಸ್ಬಾ ಸೊಪ್ಪಿನ ಕೋಣೆಗೆ ಹೋಗಿ ಹೊರೆ ಮೂಸಿದಳು. ಮುಖ ಗಂಟಿಕ್ಕಿತು. "ಇದನ್ನ ಹಾಕ್ಬಿಟ್ರಾ?"

ಮೂವರೂ ಹುಳುಮನೆಗೆ ಓಡಿದರು. ಮೊದಲ ಸ್ಟ್ಯಾಂಡಿನ ಹುಳುಗಳು ತಲೆ ಎತ್ತಿ ಮೈ ತಿರುಚುತ್ತಿದ್ದವು. ಬಾಯಿಂದ ಹಸಿರು ನೀರು ಸುರಿಯುತ್ತಿತ್ತು. ಮಕ್ಕಳ ಹಾಗೆ ಸಾಕಿದ ಹುಳು. ಗಂಗುಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

"ಅಯ್ಯೋ ದೇವುಡಾ, ನಾನು ನೊಣಕ್ಕೆ ತಾನೆ ಹೊಡೆದಿದ್ದು!" ಎಂದ ಮುನಿಗಂಗಪ್ಪ.

"ನೊಣಾನೂ ಕೀಟ, ರೇಷ್ಮೆಹುಳಾನೂ ಕೀಟ. ನಮ್ಮದು ಯಾವ್ದು, ಬೇರೇದು ಯಾವ್ದು ಅಂತ ಔಷಧಕ್ಕೇನು ಗೊತ್ತು ಮಾವ? ಹೊಡೆದದ್ದು ಮಂಜಿನ ಥರ ತೇಲಿ ಸೊಪ್ಪಿನ ಮೇಲೆ ಕೂತೈತೆ."

ಮುನಿಗಂಗಪ್ಪನಿಗೆ ತನ್ನ ಮೇಲೇ ಸಿಟ್ಟು ಬಂತು. ಡಬ್ಬ ಎತ್ತಿಕೊಂಡು ಉರಿಯುವ ಹಂಡೆ ಒಲೆಯ ಕಡೆ ನುಗ್ಗಿದ. "ಸುಟ್ಟು ಹಾಕ್ತೀನಿ ಇದನ್ನ!"

"ಬೇಡ ಮಾವ!" ಮಿಸ್ಬಾ ಅವನ ಕೈ ಹಿಡಿದೆಳೆದಳು. "ಒಲೆಗೆ ಹಾಕಿದ್ರೆ ಸಿಡಿಯುತ್ತೆ, ಮುಖ ಉಳಿಯಲ್ಲ. ಖಾಲಿ ಆಗಿದ್ರೂ ಅಷ್ಟೇ."

ಆಮೇಲೆ ಜಗುಲಿಯ ಮೇಲೆ ಕೂತು ಬಿಡಿಸಿ ಹೇಳಿದಳು. ಇದಕ್ಕೆ ಏರೋಸಾಲ್ ಅನ್ನುತ್ತಾರೆ. ಗಟ್ಟಿ ಡಬ್ಬದೊಳಗೆ ಔಷಧ, ಅದನ್ನು ಕರಗಿಸುವ ದ್ರವ, ಹೊರಗೆ ತಳ್ಳಲು ಒತ್ತಿ ತುಂಬಿದ ಗ್ಯಾಸು ಇರುತ್ತವೆ. ಗುಂಡಿ ಒತ್ತಿದರೆ ಬಾಯಿ ತೆರೆದು ಔಷಧ ಸಣ್ಣ ಹನಿಯಾಗಿ ಹಾರುತ್ತದೆ. ಮೂಲೆಮೂಲೆಗೂ ತಲುಪುತ್ತದೆ, ಚೆಲ್ಲುವುದಿಲ್ಲ, ಅದು ಅನುಕೂಲ. ಆದರೆ ಮೂಗು, ಕಣ್ಣು, ಊಟದ ತಟ್ಟೆಗೂ ಅಷ್ಟೇ ಸುಲಭವಾಗಿ ತಲುಪುತ್ತದೆ. ಸೊಳ್ಳೆ, ನೊಣದ ಸ್ಪ್ರೇಗಳಲ್ಲಿ ಹೆಚ್ಚಾಗಿ ಬೆಂಕಿ ಹತ್ತುವ ಗ್ಯಾಸೇ ಇರುತ್ತದೆ.

"ಹಂಗಾದ್ರೆ ಈ ಪಂಪೂ ಅದೇ ಅಲ್ವಾ?" ಗಂಗುಲಮ್ಮ ಪಂಪನ್ನು ದೂರ ಸರಿಸಿದಳು. "ನಂಗೆ ಬ್ಯಾಡ ಕಣಮ್ಮ, ಯಾವ ಡಬ್ಬಾನೂ ಬ್ಯಾಡ."

"ಗಂಗುಲಮ್ಮಕ್ಕ, ಕೊಲ್ಲೋ ಡಬ್ಬಾನ ನಂಬಿ ಸೊಪ್ಪಿನ ಕೋಣೆಗೆ ಬಿಟ್ಕೊಂಡ್ರಿ. ಕಾಪಾಡೋ ಡಬ್ಬಾನ ಅಕ್ಕೀಲಿ ಹೂತಿಟ್ರಿ. ಕೆಲಸ ಮಾಡೋ ರೀತಿ ಒಂದೇ, ಆದ್ರೆ ಒಳಗಿನ ಔಷಧ ಬೇರೆ, ಗ್ಯಾಸೂ ಬೇರೆ. ಇದು ಶ್ವಾಸಕ್ಕೇ ಅಂತ ಅಳತೆ ಮಾಡಿ ಇಟ್ಟಿರೋದು. ಚಟ ಅಲ್ಲ. ಈಗ ಉಸಿರು ತಂದಿದ್ದು ಯಾವ್ದು, ಹೇಳಿ?"

ಗಂಗುಲಮ್ಮ ಪಂಪನ್ನು ಮತ್ತೆ ಹತ್ತಿರ ಎಳೆದುಕೊಂಡಳು.

ಕೋಣೆಯ ಸೊಪ್ಪನ್ನೆಲ್ಲ ಹೊರಗೆ ಸಾಗಿಸಿ, ತೋಟದಿಂದ ಹೊಸದಾಗಿ ಕೊಯ್ದು ತಂದು ಐದು ಸ್ಟ್ಯಾಂಡಿಗೆ ಹಾಕಿದರು. ಆ ಹುಳುಗಳು ಉಳಿದವು, ಗೂಡು ಕಟ್ಟಿದವು. ಮೊದಲ ಸ್ಟ್ಯಾಂಡಿನದು ಒಂದೂ ಉಳಿಯಲಿಲ್ಲ. ಅವನ್ನು ಗುಂಡಿ ತೋಡಿ ಹೂಳುವಾಗ ಮುನಿಗಂಗಪ್ಪ ಮೆಲ್ಲಗೆ, "ನಿಂಗೆ ಉಬ್ಬಸ ಬರದೆ ಇದ್ದಿದ್ರೆ ಆರೂ ಹೋಗ್ತಿತ್ತು ಕಣೇ," ಎಂದ. ಅಂದೇ ಕೂತು ಪರದೆ ಹೊಲಿದ.

ಈಗ ಗಂಗುಲಮ್ಮನ ಪಂಪು ಎಲ್ಲರಿಗೂ ಕಾಣುವಂತೆ ಜಗುಲಿಯ ಗೋಡೆಗೂಡಿನಲ್ಲಿದೆ. ಯಾರಾದರೂ ಕೇಳಿದರೆ, "ನನ್ನ ಉಸಿರು ಅದು," ಎನ್ನುತ್ತಾಳೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಂದು ಸ್ಪ್ರೇ ಡಬ್ಬ ಇರಬಹುದು. ಹುಳುಮನೆ, ಸೊಪ್ಪು, ಆಹಾರದ ಹತ್ತಿರ ಅದನ್ನು ಹೊಡೆಯಬೇಡಿ. ಹೊಡೆಯಲೇಬೇಕಾದರೆ ಡಬ್ಬದ ಮೇಲೆ ಬರೆದಂತೆ ನಡೆಯಿರಿ, ಮಕ್ಕಳನ್ನು, ಉಬ್ಬಸದವರನ್ನು ಹೊರಗೆ ಕಳಿಸಿ, ಆಮೇಲೆ ಬಾಗಿಲು ಕಿಟಕಿ ತೆರೆದು ಗಾಳಿಯಾಡಲು ಬಿಡಿ. ಖಾಲಿ ಡಬ್ಬವನ್ನು ಚುಚ್ಚಬೇಡಿ, ಬೆಂಕಿಗೆ ಹಾಕಬೇಡಿ. ಡಾಕ್ಟರು ಪಂಪು ಕೊಟ್ಟಿದ್ದರೆ ನಾಚಿಕೆಯಿಂದ ಬಚ್ಚಿಡಬೇಡಿ. ಈಗಲೇ ಎದ್ದು ಹೋಗಿ, ನಿಮ್ಮ ಡಬ್ಬ ಒಲೆಯ ಪಕ್ಕದಲ್ಲಿದೆಯೇ, ನಿಮ್ಮ ಪಂಪು ಅಕ್ಕಿಯೊಳಗಿದೆಯೇ ನೋಡಿ ಬನ್ನಿ.