ಕುದಿಸಿದ ಮದ್ದು

ಎರಡನೆಯ ಕೊಳದ ನೀರಿನ ಮೇಲೆ ಬಿಳಿ ನೂಲಿನಂಥದ್ದು ತೇಲುತ್ತಿತ್ತು. ಕರುಳು ಕೆಟ್ಟ ಸಿಗಡಿಯ ಹಿಕ್ಕೆ ಅದು. ಅತ್ತಿಗೆ ನೀರಿನಿಂದ ಮೇವಿನ ತಟ್ಟೆ ಎತ್ತಿದಳು. ಬೆಳಿಗ್ಗೆ ಹಾಕಿದ ಮೇವು ಹಾಗೇ ಇತ್ತು. ರೆಪ್ಪೆಯ ಕೂದಲಷ್ಟಿದ್ದಾಗಿನಿಂದ ಸಾಕಿದ ಜೀವಗಳು. ಅವಳಿಗೆ ಸಂಕಟವಾಯಿತು.

“ಹತ್ತು ದಿನ ನೋಡ್ತೀನಿ ಅತ್ತಿಗೆ,” ಎಂದ ಕೊಳದ ಒಡೆಯನಾದ ಮೈದುನ. “ಆಮೇಲೂ ಇದೇ ಪಾಡಾದ್ರೆ ಕೊಳ ಬರಿದು ಮಾಡಿ ಸುಣ್ಣ ಹೊಯ್ಸೋದೇ. ಪಕ್ಕದ ಕೊಳಕ್ಕೂ ಹಬ್ಬಿದ್ರೆ ಗತಿಯೇನು?”

“ಮದ್ದು ತಪ್ಪದೆ ಹಾಕ್ತಿದೀನಲ್ಲಪ್ಪಾ!”

ಹಾಕುತ್ತಿದ್ದುದು ಸುಳ್ಳಲ್ಲ. ಬೆಲ್ಲದ ನೀರಿಗೆ ಮದ್ದಿನ ಪುಡಿ ಕಲಸಿ, ಬಕೆಟ್ಟು ಮುಚ್ಚಿ ಎರಡು ದಿನ ಇಟ್ಟು, ಮೇವಿಗೆ ಬೆರೆಸಿ, ನೆರಳಲ್ಲಿ ಆರಿಸಿ ಕೊಡುತ್ತಿದ್ದಳು. ಅಚ್ಚುಕಟ್ಟಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಪಾಪ, ಆ ಅಚ್ಚುಕಟ್ಟೇ ಮುಳುವಾಗಿತ್ತು.

ಮರುದಿನ ಸೂಕ್ಷ್ಮದರ್ಶಕ ಹಿಡಿದು ಬಂದ, ಕೊಳದ ನೀರು, ಸಿಗಡಿ ಪರೀಕ್ಷಿಸುವ ಹುಡುಗಿ ಎಲ್ಲ ಕೇಳಿಕೊಂಡಳು. “ಮುಚ್ಚಳ ತೆಗೆದಾಗ ಹುಳಿ ವಾಸನೆ ಬರುತ್ತಾ ಅಕ್ಕಾ?”

“ಬರದೆ ಏನು? ನೊರೇನೂ ಬರುತ್ತೆ. ಕೆಟ್ಟಿದ್ದನ್ನ ಹಾಗೇ ತಿನ್ನಿಸೋಕಾಗುತ್ತಾ? ಕುದಿಸೇ ಹಾಕೋದು.”

ಹುಡುಗಿ ಹಣೆ ಚಚ್ಚಿಕೊಳ್ಳಲಿಲ್ಲ, ಅದು ಅವಳ ದೊಡ್ಡ ಗುಣ. ಕುದಿಸಿದ್ದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ತೋರಿಸಿದಳು. ಸತ್ತ ಧೂಳಿನಂಥದ್ದು ಬಿದ್ದಿತ್ತು, ಅಷ್ಟೇ. ಆಮೇಲೆ ಕುದಿಸದ ಹನಿ ಇಟ್ಟಳು.

ಅತ್ತಿಗೆ ಬಗ್ಗಿ ನೋಡಿದವಳು ಉಸಿರಾಡಲು ಮರೆತಳು. ಆ ಒಂದು ಹನಿಯಲ್ಲಿ ಸಂತೆ ನೆರೆದಿತ್ತು! ಚಿಕ್ಕ ಚಿಕ್ಕ ಕಡ್ಡಿಗಳು ಓಡುತ್ತಿದ್ದವು, ಹೊರಳುತ್ತಿದ್ದವು, ಒಂದಕ್ಕೊಂದು ಡಿಕ್ಕಿ ಹೊಡೆದು ಮತ್ತೆ ಓಡುತ್ತಿದ್ದವು.

“ಆ ಪುಡೀಲಿರೋ ಒಳ್ಳೆ ಜೀವಾಣುಗಳು ಇವು. ಸಿಗಡಿ ಕರುಳಲ್ಲಿ ಮನೆ ಮಾಡ್ಕೊಂಡ್ರೆ ರೋಗ ತರೋವಕ್ಕೆ ಜಾಗ ಸಿಗಲ್ಲ ಅಕ್ಕಾ. ಹುಳಿ ಬಂತು ಅಂದ್ರೆ ಇವು ಬದುಕಿವೆ ಅಂತ.”

“ಅಯ್ಯೋ, ಇಷ್ಟೊಂದು ಜೀವಾನಾ ನಾನು ದಿನಾ ಒಲೆ ಮೇಲಿಟ್ಟಿದ್ದು?”

ಮೈದುನನ ಮುಂದೆ ಅವಳು ಮುಚ್ಚುಮರೆ ಮಾಡಲಿಲ್ಲ. “ಇಷ್ಟು ದಿನ ನೀರಲ್ಲಿ ಹೋಮ ಮಾಡಿದ್ವಿ ಅನ್ನಿ,” ಎಂದು ಅವನು ಮುಖ ಊದಿಸಿದ. ಆದರೂ ಕೊಟ್ಟ ಗಡುವನ್ನು ಕಡಿಮೆ ಮಾಡಲಿಲ್ಲ.

ಅಂದಿನಿಂದ ಒಲೆ ಉರಿಯಲಿಲ್ಲ. ಐದನೆಯ ದಿನವೂ ಬಿಳಿ ನೂಲು ತೇಲಿತು. ಅತ್ತಿಗೆಗೆ ಅನ್ನ ಸೇರಲಿಲ್ಲ. ಎಂಟನೆಯ ದಿನ ನೂಲು ಕಡಿಮೆಯಾದಂತೆ ಕಂಡಿತು, ಕಣ್ಣನ್ನು ನಂಬುವ ಧೈರ್ಯವಾಗಲಿಲ್ಲ. ಹತ್ತನೆಯ ದಿನ ಸುಣ್ಣದ ಗಾಡಿ ದಂಡೆಗೆ ಬಂದು ನಿಂತಾಗ ಅವಳು ತಟ್ಟೆ ಎತ್ತಿದಳು. ಒಂದು ಕಾಳು ಮೇವೂ ಉಳಿದಿರಲಿಲ್ಲ. ತಟ್ಟೆಯಲ್ಲಿ ನೆಗೆಯುತ್ತಿದ್ದ ಒಂದು ಸಿಗಡಿಯನ್ನು ಹಿಡಿದು ಬಿಸಿಲಿಗೆ ಒಡ್ಡಿದಳು. ಗಾಜಿನಂಥ ಮೈಯೊಳಗೆ ತಲೆಯಿಂದ ಬಾಲದವರೆಗೆ ಕರುಳಿನ ಕಂದು ಗೆರೆ, ಎಲ್ಲೂ ತುಂಡಾಗದೆ ತುಂಬಿಕೊಂಡಿತ್ತು. ನೋಡುತ್ತಿದ್ದಂತೆ ಅದು ಒಳಗೊಳಗೇ ಮೆಲ್ಲಗೆ ಮಿಸುಕಿತು.

ಮೈದುನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದ. ಎದ್ದು ಗಾಡಿಯವನಿಗೆ ಹೋಗು ಎಂದು ಕೈಸನ್ನೆ ಮಾಡಿದ.

“ನೀವೇ ಉಳಿಸಿದ್ರಿ ಅತ್ತಿಗೆ.”

ಅವಳು ಸಿಗಡಿಯನ್ನು ನೀರಿಗೆ ಬಿಟ್ಟಳು.

“ನಾನೇ ಸಾಕ್ತಿದೀನಿ ಅಂದ್ಕೊಂಡಿದ್ದೆ ಕಣಪ್ಪಾ. ನಿಜವಾಗಿ ಸಾಕೋವು ಆ ಹನಿಯಲ್ಲಿದ್ವು, ಅವನ್ನೇ ಕುದಿಸಿ ಕೊಲ್ತಾ ಇದ್ದೆ.”