ಅರವತ್ತೆರಡನೆಯ ಕಂತು

ಲೋಕ ಮುಳುಗಿಹೋದ ಮೇಲಿನ ಕಥೆಗಳೆಂದರೆ ಮುಕುಂದನಿಗೆ ಪ್ರಾಣ. ಊರುಗಳು ನೀರುಪಾಲಾದ ಮೇಲೆ, ಆಕಾಶದಿಂದ ಬೂದಿ ಸುರಿದು ಬೆಳೆ ಸತ್ತ ಮೇಲೆ, ಹೆಸರಿಲ್ಲದ ಜ್ವರವೊಂದು ಬಂದು ನೂರಕ್ಕೊಬ್ಬರು ಉಳಿದ ಮೇಲೆ ಏನಾಯಿತು ಎಂದು ಹೇಳುವ ಕಾದಂಬರಿ, ಕಾಮಿಕ್ಸ್, ಟೀವಿ ಧಾರಾವಾಹಿ ಯಾವುದನ್ನೂ ಅವನು ಬಿಟ್ಟವನಲ್ಲ. ಸ್ಟ್ಯಾನ್ಮೋರಿನ ಮನೆಯಲ್ಲಿ ಮಹಡಿ ಮೇಲಿನ ಚಿಕ್ಕ ಕೋಣೆಯ ತುಂಬ ಅವೇ. ನೆರೆಗೊಂದು ಕಪಾಟು, ಜ್ವರಕ್ಕೊಂದು, ಚಳಿಗೊಂದು. ಯಾಕೆ ಹೀಗಾಯಿತೆಂದು ಕಾರಣವನ್ನೇ ಹೇಳದ ಪುಸ್ತಕಗಳಿಗೆ ಕಿಟಕಿಯ ಕೆಳಗಿನ ಜಾಗ. ಅವನಿಗೆ ತೀರಾ ಇಷ್ಟವಾದವು ಆ ಕಾರಣ ಹೇಳದವೇ.

ಬೆಂಗಳೂರಿನಿಂದ ಕೆಲಸದ ವೀಸಾ ಮೇಲೆ ಇಂಗ್ಲಿಷರ ರಾಜಧಾನಿಗೆ ಬಂದವನು ಅಲ್ಲೇ ನಿಂತು ಇಪ್ಪತ್ತು ವರ್ಷವಾಗಿತ್ತು. ವಿಮಾ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಆಫೀಸಿನಲ್ಲಿ ಮಾತು ಕಡಿಮೆ, ಯಾರ ಮನೆಯ ಊಟಕ್ಕೆ ಹೋದರೂ ಗೋಡೆಗೆ ಒರಗಿ ನಿಲ್ಲುವ ಜಾಯಮಾನ. ಆದರೆ ಈ ವಿಷಯ ಎತ್ತಿದರೆ ಬೇರೆಯೇ ಮನುಷ್ಯ. ಜುಬಿಲಿ ಲೈನ್ ಎಂಬ ಸುರಂಗ ರೈಲನ್ನು ಈ ತುದಿಯಲ್ಲಿ ಹತ್ತಿ ಆ ತುದಿಯ ಸ್ಟ್ರಾಟ್‌ಫರ್ಡ್‌ಗೆ ಹೋಗುವಷ್ಟು ಹೊತ್ತೂ, ಯಾವ ನಿಲ್ದಾಣಕ್ಕೆ ಮೊದಲು ನೀರು ನುಗ್ಗುತ್ತದೆ, ಒಲಿಂಪಿಕ್ ಪಾರ್ಕಿನ ಹುಲ್ಲು ಕಿತ್ತರೆ ಆಲೂಗಡ್ಡೆ ಬಂದೀತೆ ಎಂದು ಯೋಚಿಸುತ್ತ ಕೂರುವನು.

ಸ್ಟ್ರಾಟ್‌ಫರ್ಡ್‌ನಲ್ಲಿ ಇದ್ದದ್ದು ಶಿಶಿರ್. ಮುಕುಂದನಿಗಿಂತ ಹತ್ತು ವರ್ಷ ಚಿಕ್ಕವನು, ಅದೇ ಹುಚ್ಚಿನವನು. ಇಬ್ಬರೂ ಸೇರಿ ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ಶುರುಮಾಡಿದ್ದರು. ಹೆಸರು 'ಕೊನೇ ಬಸ್ ಹೋದ ಮೇಲೆ'. ಹದಿನೈದು ದಿನಕ್ಕೊಂದು ಕಂತು. ಓದಿದ ಪುಸ್ತಕ, ನೋಡಿದ ಧಾರಾವಾಹಿಗಳ ಬಗ್ಗೆ ಹರಟೆ. ಕೇಳುವವರು ಇನ್ನೂರೋ ಮುನ್ನೂರೋ.

ಮುಕುಂದನ ಹೆಂಡತಿ ವೈದೇಹಿ ಧಾರವಾಡದವಳು, ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎದೆರೋಗದ ವಾರ್ಡಿನ ಡಾಕ್ಟರು. ಅವಳಿಗೆ ಈ ಗೀಳು ತಮಾಷೆಯಾಗಿ ಕಾಣುತ್ತಿತ್ತು.

"ಅಷ್ಟು ಮಂದಿ ಸಾಯೋದನ್ನ ಓದಿ ಏನು ಖುಷಿರೀ ನಿಮಗ?" ಎಂದು ಒಮ್ಮೆ ಕೇಳಿದ್ದಳು.

"ಸಾಯೋದಲ್ಲ ವೈದೇಹಿ, ಉಳಿಯೋದು. ಹತ್ತೇ ಜನ ಉಳಿದಾಗ ಒಬ್ಬೊಬ್ಬರ ಮಾತಿಗೂ ಬೆಲೆ ಇರುತ್ತೆ. ಬಾವಿ ಹಗ್ಗ ಯಾರ ಹತ್ರ ಇರಬೇಕು ಅಂತ ಎಲ್ಲ ಕೂತು ಮಾತಾಡ್ತಾರಲ್ಲ, ನನಗೆ ಅದು ಇಷ್ಟ."

"ನಮ್ಮ ವಾರ್ಡಿಗೆ ಬರ್ರಿ. ಒಂದು ವೀಲ್‌ಚೇರ್ ಯಾರ ಹತ್ರ ಇರಬೇಕು ಅಂತ ದಿನಾ ಮಾತಾಡ್ತಾರ," ಎಂದು ನಕ್ಕಿದ್ದಳು.

ಆಮೇಲೆ ಎರಡು ಸಾವಿರದ ಇಪ್ಪತ್ತರ ಮಾರ್ಚ್ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು.

ಆ ದಿನಗಳನ್ನು ನೆನೆದರೆ ಮುಕುಂದನಿಗೆ ಈಗಲೂ ನಾಚಿಕೆಯಾಗುತ್ತದೆ. ಎಲ್ಲರೂ ಹೆದರಿ ಮುದುಡಿದ್ದಾಗ ಅವನೊಳಗೆ ಸಣ್ಣದೊಂದು ಹುಮ್ಮಸ್ಸು ಎದ್ದಿತ್ತು. ಖಾಲಿ ರಸ್ತೆಯ ನಡುವೆ ನಿಂತು ಫೋಟೊ ತೆಗೆದ. ಅಂಗಡಿಯಲ್ಲಿ ಅಕ್ಕಿಬೇಳೆ ಖಾಲಿಯಾಗುವ ಎರಡು ವಾರ ಮೊದಲೇ ತಂದಿಟ್ಟಿದ್ದನ್ನು ಎಲ್ಲರಿಗೂ ಹೇಳಿಕೊಂಡ. ಪಾಡ್‌ಕಾಸ್ಟ್ ಕೇಳುವವರು ಎರಡು ಸಾವಿರ ದಾಟಿದರು. "ಸರ್, ನೀವು ಮೊದಲೇ ಹೇಳಿದ್ರಿ" ಎಂದು ದಾವಣಗೆರೆಯಿಂದ, ಸಿಡ್ನಿಯಿಂದ ಮೆಸೇಜು ಬಂದವು. ಅವನು ಏನನ್ನೂ ಮೊದಲೇ ಹೇಳಿರಲಿಲ್ಲ. ಆದರೂ ಅಲ್ಲವೆನ್ನಲಿಲ್ಲ.

ವೈದೇಹಿ ಬೆಳಗ್ಗೆ ಆರಕ್ಕೆ ಹೋಗಿ ಸಂಜೆ ಬರುವಳು. ಮೂಗಿನ ಮೇಲೆ ಮಾಸ್ಕಿನ ಗಾಯ, ಕೈ ಬೆರಳು ಸೀಳಿ ರಕ್ತ. ಊಟಕ್ಕೆ ಕೂತಾಗ ಅವನು ಕೇಳುವನು, "ಇವತ್ತು ಹೇಗಿತ್ತು? ಆಕ್ಸಿಜನ್ ಸಾಕಾಗ್ತಿದೆಯಾ? ಜನ ಏನಂತಾರೆ?" ಗಂಡ ಎಷ್ಟು ಕಾಳಜಿಯಿಂದ ಕೇಳುತ್ತಾನೆ ಎಂದುಕೊಂಡು ಅವಳು ಹೇಳುವಳು. ಒಂದಿಷ್ಟು ಕಾಳಜಿ ಇತ್ತು ಕೂಡ. ಪೂರ್ತಿ ಕಾಳಜಿಯೇ ಆಗಿತ್ತೆಂದು ಅವನು ಇವತ್ತು ಆಣೆ ಮಾಡಲಾರ.

ಏಪ್ರಿಲ್ ಎರಡನೆಯ ವಾರ. ಸಂಜೆ ಬಿಸಿಲು ಇನ್ನೂ ಅಡುಗೆಮನೆಯ ಕಟ್ಟೆಯ ಮೇಲಿತ್ತು. ವೈದೇಹಿ ಬಂದವಳು ಸ್ನಾನಕ್ಕೂ ಹೋಗದೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಇವತ್ತು ಒಬ್ಬರು ಹೋದ್ರು. ಹುಬ್ಬಳ್ಳಿ ಕಡೆಯವರು. ಮೂರು ದಿನದಿಂದ ಇಂಗ್ಲಿಷ್ ಬಿಟ್ಟುಬಿಟ್ಟಿದ್ರು, ಬರೇ ಕನ್ನಡ. ವಾರ್ಡಿನಾಗ ಯಾರಿಗೂ ತಿಳೀವಲ್ದು. ನಾ ಹೋಗಿ ಮಾತಾಡಿಸಿದ್ರ, 'ನೀವು ಯಾವೂರವ್ರು ತಂಗಿ' ಅಂದ್ರು. ಧಾರವಾಡ ಅಂದೆ. 'ಹಂಗಾರ ನಮ್ಮವರ' ಅಂದ್ರು."

ಮುಕುಂದ ಗ್ಯಾಸ್ ಆರಿಸಿ ತಿರುಗಿ ನಿಂತ.

"ಇವತ್ತ ಕೊನೀಗೆ ನನ್ನ ಕೈ ಹಿಡಕೊಂಡು ಏನಂದ್ರು ಗೊತ್ತೇನು? 'ಬಾಗಲಾ ಹಾಕಬ್ಯಾಡ್ರಿ, ವೇಣಿ ಇನ್ನೂ ಕಲ್ಲಯ್ಯ ಮಾಸ್ತರ ಟ್ಯೂಶನ್ನಿನಿಂದ ಬಂದಿಲ್ಲ.' ಮಗಳು, ಐವತ್ತರ ಹತ್ರ ಇರಬೇಕು ಈಗ. ಆಕಿನ್ನ ಒಳಗ ಬಿಡೋ ಹಂಗಿಲ್ಲಲಾ. ಆಕಿಗೆ ಫೋನ್ ಮಾಡಿ, ಏನೂ ತ್ರಾಸ ಆಗಲಿಲ್ಲ, ನಿದ್ದಿಯೊಳಗ ಹೋದ್ರು ಅಂತ ಹೇಳಿದೆ. ಮತ್ತೇನು ಹೇಳ್ಲಿ? ಅವರಿಗೆ ನಾನು..."

ಅಷ್ಟರಲ್ಲಿ ಮುಕುಂದ, "ಒಂದ್ನಿಮಿಷ, ಬಂದೆ" ಎಂದು ಮಹಡಿಗೆ ಓಡಿದ. ನೋಟ್‌ಬುಕ್ಕು ಅಲ್ಲಿತ್ತು. ಆ ಮಾತನ್ನು ಇದ್ದ ಹಾಗೇ ಬರೆದುಕೊಳ್ಳದಿದ್ದರೆ ಮರೆತುಹೋಗುತ್ತದೆಂಬ ಆತುರ. ಬರೆದು ಕೆಳಗೆ ಬಂದಾಗ ಸ್ಟೂಲು ಖಾಲಿ. ಬಚ್ಚಲಲ್ಲಿ ನೀರು ಬಿಟ್ಟ ಸದ್ದು.

ಆ ಭಾನುವಾರ ಬೆಳಗ್ಗೆ ಅರವತ್ತೆರಡನೆಯ ಕಂತು ರೆಕಾರ್ಡ್ ಆಯಿತು. ಮುಕುಂದ ಅದರಲ್ಲಿ, ಒಳ್ಳೆಯ ಕಥೆಗಳಲ್ಲಿ ಲೋಕ ಮುಗಿಯುವುದು ಬಾಂಬಿನ ಸದ್ದಿನಿಂದಲ್ಲ, ಇಂಥ ಸಣ್ಣ ಮಾತಿನಿಂದ ಎಂದು ಹೇಳಿ ಆ ಮುದುಕರ ಮಾತನ್ನು ಹೇಳಿದ. ಹೇಳಿದ್ದು ಮನಸಾರೆ, ನಟನೆಯಲ್ಲ. ಆಸ್ಪತ್ರೆಯ ಹೆಸರು ತೆಗೆದಿದ್ದ, ಮಗಳ ಹೆಸರು ತೆಗೆದಿದ್ದ. ಕಲ್ಲಯ್ಯ ಮಾಸ್ತರ ಹೆಸರನ್ನು ಮಾತ್ರ ಬಿಟ್ಟುಕೊಂಡಿದ್ದ. ಅದಿಲ್ಲದಿದ್ದರೆ ಮಾತಿಗೆ ಜೀವವಿಲ್ಲ ಅನ್ನಿಸಿತ್ತು.

ಅವರ ಯಾವ ಕಂತನ್ನೂ ಜನ ಅಷ್ಟು ಕೇಳಿರಲಿಲ್ಲ. ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಿದು ಅದು ಹದಿನೆಂಟನೆಯ ದಿನಕ್ಕೆ ಅದೇ ನಗರದ ಸೌತ್‌ಹಾಲಿನ ಒಬ್ಬ ಹೊಲಿಗೆ ಅಂಗಡಿಯವಳ ಫೋನಿಗೂ ತಲುಪಿತು. ಪಾಡ್‌ಕಾಸ್ಟಿನ ಮೇಲ್‌ಗೆ ಎರಡು ಸಾಲಿನ ಪತ್ರ ಬಂತು.

'ಕಲ್ಲಯ್ಯ ಮಾಸ್ತರ ಟ್ಯೂಶನ್ನಿಗೆ ಹೋಗುತ್ತಿದ್ದ ಹುಡುಗಿ ನಾನೇ. ನಮ್ಮಪ್ಪ ಪಾಂಡುರಂಗ ನಿದ್ದೆಯಲ್ಲಿ ಹೋದರೆಂದು ಡಾಕ್ಟರು ಹೇಳಿದ್ದರು, ಯಾವುದು ಖರೆ? — ಕೃಷ್ಣವೇಣಿ, ಹೊಲಿಗೆ ಅಂಗಡಿ, ಬ್ರಾಡ್‌ವೇ, ಸೌತ್‌ಹಾಲ್.'

ಮುಕುಂದ ಫೋನನ್ನು ಹಾಗೇ ತೆಗೆದುಕೊಂಡು ಹೋಗಿ ವೈದೇಹಿಯ ಮುಂದೆ ಹಿಡಿದ. ಅವಳು ಎರಡು ಸಲ ಓದಿದಳು. ಕಂತನ್ನು ಹಾಕ್ರಿ ಎಂದಳು. ಪೂರ್ತಿ ಕೇಳಿದಳು. ಕೂಗಾಡಲಿಲ್ಲ.

"ನಾ ನಿಮಗ ಹೇಳಿದ್ದೆ," ಎಂದಳು. "ನಿಮಗ. ಮಂದಿಗಲ್ಲ."

"ತಪ್ಪಾಯ್ತು. ಹೆಸರು ತೆಗೆದಿದ್ದೆ, ಗೊತ್ತಾಗಲ್ಲ ಅಂದ್ಕೊಂಡೆ."

"ಗೊತ್ತಾಗ್ತಿರ್ಲಿಲ್ಲ ಅಂದ್ರ ಸರಿ ಆಗ್ತಿತ್ತೇನು?"

ಮರುದಿನ ಅವಳು ತಾನಾಗಿಯೇ ಹೋಗಿ ಮೇಲಿನವರಿಗೆ ನಡೆದದ್ದನ್ನು ತಿಳಿಸಿದಳು. ರೋಗಿಯ ಮಾತು ಮನೆಯಲ್ಲಿ ಆಡಿದ್ದು ತನ್ನದೇ ತಪ್ಪೆಂದು ಬರೆದುಕೊಟ್ಟಳು. ಆ ವರ್ಷ ಸಿಗಬೇಕಿದ್ದ ದೊಡ್ಡ ಹುದ್ದೆಗೆ ಹಾಕಿದ್ದ ಅರ್ಜಿಯನ್ನು ವಾಪಸ್ ತೆಗೆದುಕೊಂಡಳು. ಕೃಷ್ಣವೇಣಿಗೆ ಫೋನ್ ಮಾಡಿ, "ನೀವು ಕೇಳಿದ್ದು ಖರೆ. ನಾ ಸುಳ್ಳು ಹೇಳಿದ್ದೆ" ಎಂದಳು. ಆ ಕಡೆಯಿಂದ ಫೋನ್ ಕಟ್ಟಾಯಿತು.

ಮುಕುಂದ ಕಂತನ್ನು ಅಳಿಸಿದ. ಪಾಡ್‌ಕಾಸ್ಟ್ ನಿಲ್ಲಿಸಿದ. ಆದರೆ ಆ ಎರಡು ಸಾಲಿಗೆ ಉತ್ತರ ಮಾತ್ರ ಬರೆಯಲಿಲ್ಲ. ಹತ್ತಾರು ಸಲ ಶುರುಮಾಡಿ ಬಿಟ್ಟ. ಏನು ಬರೆದರೂ ಪಾಡ್‌ಕಾಸ್ಟಿನ ಮಾತಿನ ಹಾಗೇ ಕೇಳುತ್ತಿತ್ತು.

ವೈದೇಹಿ ಮನೆ ಬಿಟ್ಟು ಹೋಗಲಿಲ್ಲ, ಜಗಳ ಬೆಳೆಸಲಿಲ್ಲ. ಹಾಲು, ಕೌನ್ಸಿಲ್ ಪತ್ರ, ಬಾಯ್ಲರ್ ರಿಪೇರಿ, ಎಲ್ಲದರ ಬಗ್ಗೆ ಮಾತಾಡಿದಳು. ಆಸ್ಪತ್ರೆಯ ಬಗ್ಗೆ ಒಂದು ಮಾತೂ ಇಲ್ಲ. "ಹೇಗಿತ್ತು ಇವತ್ತು?" ಎಂದರೆ "ಇತ್ತು" ಎನ್ನುವಳು. ಆ ವರ್ಷ ಅವಳು ಏನೇನು ಕಂಡಳೋ ಅಷ್ಟನ್ನೂ ಒಬ್ಬಳೇ ಹೊತ್ತಳು. ಒಂದೊಂದು ಸಲ ಅಡುಗೆಮನೆಯ ಕಿಟಕಿಯ ಹತ್ತಿರ ಅವಳು ಸುಮ್ಮನೆ ನಿಂತಿರುವುದನ್ನು ಅವನು ಹಿಂದಿನಿಂದ ನೋಡುವನು. ಹತ್ತಿರ ಹೋಗಲು ಕಾಲು ಬರುತ್ತಿರಲಿಲ್ಲ. ಮಹಡಿಯ ಕೋಣೆಗೆ ಹೋಗಿ ಯಾವುದಾದರೂ ಪುಸ್ತಕ ತೆರೆದರೆ, ಉಳಿದ ಹತ್ತು ಜನ ಬೆಂಕಿಯ ಸುತ್ತ ಕೂತು ಒಬ್ಬರ ಮಾತನ್ನೊಬ್ಬರು ಕೇಳುತ್ತಿರುವ ಪುಟವೇ ಸಿಗುವುದು. ಮುಚ್ಚಿಡುವನು.

ಹೀಗೆ ಐದು ವರ್ಷ ಕಳೆಯಿತು. ಕಳೆದ ವಸಂತದಲ್ಲಿ ಶಿಶಿರ್ ಫೋನ್ ಮಾಡಿದ.

"ಮುಕುಂದಣ್ಣ, ಮತ್ತೆ ಶುರು ಮಾಡೋಣ. ಐದು ವರ್ಷದ ಸ್ಪೆಷಲ್ ಅಂತ. ಅರವತ್ತೆರಡನೇ ಕಂತಿನ ಕಾಪಿ ನನ್ನ ಹತ್ರ ಇದೆ, ಜನ ಈಗಲೂ ಕೇಳ್ತಾರೆ. ಆ ಹೆಂಗಸಿನ ಒಪ್ಪಿಗೆ ತಗೊಂಡ್ರೆ ಮುಗೀತಲ್ಲ?"

"ಆ ಕಾಪಿ ಅಳಿಸಿಬಿಡು ಶಿಶಿರ್."

"ಅಣ್ಣ, ನೀವು ಮಾಡಿದ್ರಲ್ಲೇ ಬೆಸ್ಟ್ ಅದು."

"ಅದಕ್ಕೇ ಅಳಿಸು."

ಫೋನ್ ಇಟ್ಟ ಮೇಲೆ ಅವನಿಗೆ ಕೂರಲಾಗಲಿಲ್ಲ. ಒಪ್ಪಿಗೆ ಕೇಳಲು ಯಾರಾದರೂ ಅವಳ ಮನೆಗೆ ಹೋಗಬಹುದೆಂದು ಶಿಶಿರನಿಗೆ ಹೊಳೆದಿತ್ತು. ಕ್ಷಮೆ ಕೇಳಲು ಹೋಗಬೇಕೆಂದು ತನಗೆ ಐದು ವರ್ಷದಲ್ಲಿ ಒಂದು ದಿನವೂ ಹೊಳೆಯಲಿಲ್ಲವಲ್ಲ ಅನ್ನಿಸಿತು. ಆ ಶನಿವಾರ ಯಾರಿಗೂ ಹೇಳದೆ ಸೌತ್‌ಹಾಲಿಗೆ ಹೋದ.

ಬ್ರಾಡ್‌ವೇಯಲ್ಲಿ ಹೊಲಿಗೆ ಅಂಗಡಿಗಳು ನಾಲ್ಕಾರು. ಮೂರನೆಯದರಲ್ಲಿ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದ, ಕನ್ನಡಕ ಹಾಕಿದ ಹೆಂಗಸು "ನಾನೇ ಕೃಷ್ಣವೇಣಿ" ಎಂದಳು. ಮುಕುಂದ ಹೆಸರು ಹೇಳಿದ. ಅವಳ ಸೂಜಿ ನಿಂತಿತು.

"ಆ ರೇಡಿಯೋದವ್ರೇನು ನೀವು?"

"ಹೌದು. ಡಾಕ್ಟರು ನನ್ನ ಹೆಂಡತಿ. ಅವರದೇನೂ ತಪ್ಪಿಲ್ಲಮ್ಮ. ತಪ್ಪೆಲ್ಲ ನಂದು. ನಿಮ್ಮ ಪತ್ರಕ್ಕೆ ಉತ್ತರ ಬರೀಬೇಕಿತ್ತು, ಬರೀಲಿಲ್ಲ. ಕ್ಷಮಿಸಿ ಅಂತ ಕೇಳೋಕೆ ಬಂದೆ."

ಅವಳು ಬೈಯುತ್ತಾಳೆಂದು ಕಾದ. ಅವಳು ಸ್ಟೂಲೊಂದನ್ನು ಮುಂದಕ್ಕೆ ತಳ್ಳಿದಳು.

"ನನಗ ಸಿಟ್ಟು ಬಂದಿತ್ರೀ. ಭಾಳ ಬಂದಿತ್ತು. ನಮ್ಮಪ್ಪನ್ನ ನಾ ನೋಡಲಿಲ್ಲ, ಊರ ಮಂದಿ ಎಲ್ಲ ನೋಡಿಧಂಗಾತು ಅಂತ. ನನ್ನಕಿಂತ ಮೊದಲ ನನ್ನ ಓಣಿ ಮಂದಿಗೆ ಗೊತ್ತಿತ್ತು, ನಮ್ಮಪ್ಪ ನನ್ನ ಕಾಯ್ತಿದ್ದ ಅಂತ." ಸ್ವಲ್ಪ ಹೊತ್ತು ಸೀರೆಯ ಅಂಚನ್ನು ಸವರಿದಳು. "ಒಂದು ಕೇಳ್ತೀನಿ, ಹೇಳ್ರಿ. ಅಪ್ಪ ಬಾಗಲಾ ಹಾಕಬ್ಯಾಡ್ರಿ ಅಂದಾಗ, ಬಾಗಲಾ ತೆರೆದದ ಅಂತ ಯಾರರೆ ಅವನಿಗೆ ಹೇಳಿದ್ರೇನು?"

ವೈದೇಹಿ ಅಂದು "ಅವರಿಗೆ ನಾನು" ಎನ್ನುವವರೆಗೆ ಬಂದಿದ್ದಳು. ಉಳಿದ ಅರ್ಧ ಮಾತನ್ನು ಕೇಳಲು ಮುಕುಂದ ಅಲ್ಲಿರಲಿಲ್ಲ.

"ನನಗೆ ಗೊತ್ತಿಲ್ಲಮ್ಮ," ಎಂದ. "ನಾನು ಅಷ್ಟೇ ಕೇಳಿಸಿಕೊಂಡೆ."

"ಅಷ್ಟ?" ಎಂದಳು ಕೃಷ್ಣವೇಣಿ. ಮತ್ತೆ ಸೂಜಿ ಎತ್ತಿಕೊಂಡಳು. ಗಿರಾಕಿಯೊಬ್ಬಳು ಒಳಗೆ ಬಂದಳು. ಅವನು ಎದ್ದ.

ಮನೆಗೆ ಬಂದು ಎಲ್ಲವನ್ನೂ ವೈದೇಹಿಗೆ ಹೇಳಿದ. ಓಡಿಹೋಗಿದ್ದು ನೋಟ್‌ಬುಕ್ಕಿಗೆ ಎಂಬುದನ್ನೂ ಹೇಳಿದ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿರಲಿಲ್ಲ.

"ನನಗ ಗೊತ್ತಿತ್ತು," ಎಂದಳು. "ಮ್ಯಾಲೆ ಡ್ರಾವರ್ ತಗದ ಸಪ್ಪಳ ಕೇಳಿತ್ತು."

"ಹೇಳು ವೈದೇಹಿ. ಅವರಿಗೆ ಹೇಳಬೇಕು. ನೀನು ಏನಂದೆ ಆ ಹೊತ್ತಿಗೆ?"

ಅವಳು ಅವನನ್ನು ನೋಡಿದಳು. ಅಷ್ಟು ದೀರ್ಘವಾಗಿ ಅವಳು ಅವನ ಮುಖ ನೋಡಿ ವರ್ಷಗಳಾಗಿದ್ದವು.

"ಆಕಿಗೆ ನಾನ ಹೋಗಿ ಹೇಳ್ತೀನಿ. ನಿಮ್ಮ ಕೈಯಾಗ ಕೊಡೂದಿಲ್ಲ."

ಮರುದಿನ ಮಧ್ಯಾಹ್ನ ಅವನೇ ಕಾರು ಓಡಿಸಿದ. ಅಂಗಡಿಯ ಮೇಲಿನ ಫ್ಲ್ಯಾಟಿಗೆ ವೈದೇಹಿ ಒಬ್ಬಳೇ ಹತ್ತಿದಳು. ಮುಕುಂದ ಪಕ್ಕದ ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು ಕೂತ. ರೇಡಿಯೋ ಹಾಕಲಿಲ್ಲ, ಫೋನ್ ತೆಗೆಯಲಿಲ್ಲ. ಮೇಲಿನ ಕಿಟಕಿಯಲ್ಲಿ ಒಮ್ಮೆ ಪರದೆ ಅಲುಗಿತು. ಗಂಟೆ ಮೇಲಾಯಿತು.

ಕೊನೆಗೆ ಇಬ್ಬರೂ ಕೆಳಗೆ ಬಂದರು. ಬಾಗಿಲಲ್ಲಿ ಕೃಷ್ಣವೇಣಿ ವೈದೇಹಿಯ ಎರಡೂ ಕೈ ಹಿಡಿದುಕೊಂಡು ನಿಂತಳು. ಇಬ್ಬರ ಕಣ್ಣೂ ಕೆಂಪಾಗಿದ್ದವು, ಆದರೂ ಅವಳು ಏನೋ ಹೇಳಿದಾಗ ವೈದೇಹಿ ನಕ್ಕಳು. ಮುಕುಂದ ಕಾರಿನಿಂದ ಇಳಿಯುವಷ್ಟರಲ್ಲಿ ಕೃಷ್ಣವೇಣಿ ಅವನತ್ತ ಒಂದು ಸಲ ತಲೆಯಾಡಿಸಿ ಒಳಗೆ ಹೋದಳು.

ಮನೆಯ ದಾರಿ ಹಿಡಿದರು. ಏನು ಹೇಳಿದೆ, ಅವಳು ಏನಂದಳು, ಯಾಕೆ ನಕ್ಕೆ ಎಂದು ಕೇಳಲು ಅವನ ನಾಲಿಗೆ ತವಕಿಸುತ್ತಿತ್ತು. ಕೇಳಲಿಲ್ಲ. ಅವಳು ಹೇಳಬೇಕೆಂದು ಎದುರಿಗೆ ಬಂದು ಕೂತಿದ್ದ ದಿನ ಒಂದಿತ್ತು. ಅದು ಕಳೆದುಹೋಗಿತ್ತು, ಕಳೆದುಕೊಂಡವನು ತಾನೇ.

ಸಿಗ್ನಲಿನಲ್ಲಿ ಕಾರು ನಿಂತಾಗ ವೈದೇಹಿ, "ಊಟ ಮಾಡಿಲ್ಲಲಾ ನೀವು?" ಎಂದಳು.

"ಇಲ್ಲ."

"ಮನಿಗೆ ಹೋಗಿ ಅವಲಕ್ಕಿ ಹಚ್ಚತೀನಿ," ಎಂದು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಅವಳಿಗೆ ಎಚ್ಚರವಾಗದಿರಲೆಂದು ಮುಕುಂದ ಉಳಿದ ದಾರಿಯನ್ನು ನಿಧಾನವಾಗಿ ಓಡಿಸಿದ.